ಸೋರುವ ಕ್ಯಾರವಾನ್ ಕೊಟ್ಟು ನಮ್ಮ ಠೇವಣಿಯನ್ನೇ ಮುರಿದುಕೊಂಡಿದ್ದರ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಕ್ಯಾರವಾನ್ ಬಾಡಿಗೆ ವಿಭಾಗ, ಬೆಂಗಳೂರು

ವಿಷಯ: ಜುಲೈ 11ರಿಂದ 13ರವರೆಗಿನ ಮೂಡುಬಿದಿರೆ ಪ್ರವಾಸದಲ್ಲಿ ಗಾಡಿಯ ಚಾವಣಿ ಸೋರಿದ್ದು ಮತ್ತು ಠೇವಣಿಯಲ್ಲಿ 11,500 ರೂಪಾಯಿ ಹಿಡಿದುಕೊಂಡಿದ್ದು

ಮಾನ್ಯರೇ,

ಪ್ರವಾಸ ಮುಗಿದ ಆರನೇ ದಿನ ನಿಮ್ಮ ಕಚೇರಿಯಿಂದ ಒಂದು ಮೆಸೇಜ್ ಬಂತು. ಹಾಸಿಗೆ ನೀರು ಬಿದ್ದು ಹಾಳಾಗಿದೆ, ಅದಕ್ಕೆ ಠೇವಣಿಯಿಂದ 11,500 ರೂಪಾಯಿ ಕಡಿತ ಎಂದು. ಆ ನೀರು ಬಿದ್ದದ್ದು ನಿಮ್ಮದೇ ಗಾಡಿಯ ಚಾವಣಿಯಿಂದ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಕ್ಯಾರವಾನನ್ನು ನಾವು ಶೋಕಿಗೆ ತೆಗೆದುಕೊಂಡಿದ್ದಲ್ಲ. ಅಮ್ಮನಿಗೆ 76 ವರ್ಷ, ಎರಡೂ ಮೊಣಕಾಲು ಸವೆದಿವೆ. ಆಗಾಗ ಕಾಲು ಚಾಚಿ ಮಲಗಬೇಕು, ಕಮೋಡ್ ಹತ್ತಿರದಲ್ಲೇ ಇರಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ಅವರಿಗೆ 'ಭರತೇಶ ವೈಭವ' ಬರೆದ ಕವಿ ರತ್ನಾಕರವರ್ಣಿಯ ಊರಾದ ಮೂಡುಬಿದಿರೆಯನ್ನು ಒಂದು ಸಲ ಕಣ್ಣಾರೆ ನೋಡಬೇಕೆಂಬ ಆಸೆ ಹಳೆಯದು. ಮಳೆಗಾಲವಾದ್ದರಿಂದ ಬುಕ್ ಮಾಡುವಾಗಲೇ ಕೇಳಿದ್ದೆ. "ಎಂಥ ಮಳೆ ಬಂದ್ರೂ ಒಂದು ಹನಿ ಒಳಗೆ ಬರಲ್ಲ ಮೇಡಂ" ಅಂದಿದ್ದರು ನಿಮ್ಮವರು. ಆ ಮಾತು ನಂಬಿ ಮೂರು ದಿನಕ್ಕೆ 42,000 ರೂಪಾಯಿ ಬಾಡಿಗೆ, ಮೇಲೆ 15,000 ಠೇವಣಿ ಕಟ್ಟಿದೆ.

ಶಿರಾಡಿ ಘಾಟಿಯಲ್ಲಿ ಹಿಡಿದ ಮಳೆ ಮೂಡುಬಿದಿರೆ ಮುಟ್ಟಿದರೂ ಬಿಟ್ಟಿರಲಿಲ್ಲ. ಆದರೂ 12ರ ಬೆಳಿಗ್ಗೆ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ನಾವು ಹೋದ ಸಾವಿರ ಕಂಬದ ಬಸದಿ 1430ರಲ್ಲಿ ಕಟ್ಟಿದ್ದು. ಕರಾವಳಿಯ ಮಳೆ ಏನೆಂದು ಬಲ್ಲವರು ಕಟ್ಟಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ: ಮೇಲೆ ಇಳಿಜಾರು ಚಾವಣಿ, ಸುತ್ತ ಕಲ್ಲಿನ ಚಪ್ಪಡಿಗಳನ್ನೇ ಓರೆಯಾಗಿ ಇಳಿಬಿಟ್ಟ ಸೂರು. ಎದುರಿಗಿದ್ದ ಎತ್ತರದ ಕಲ್ಲುಕಂಬ ಮಾನಸ್ತಂಭ ಮಸುಕಾಗುವಷ್ಟು ಮಳೆ ಸುರಿಯುತ್ತಿದ್ದರೂ ಅಮ್ಮ ಮಂಟಪದೊಳಗೆ ಕೂತು ಒಂದೊಂದೇ ಕಂಬದ ಕೆತ್ತನೆ ನೋಡುತ್ತ ಒಂದೂವರೆ ಗಂಟೆ ಕಳೆದರು. ಅವರ ಸೀರೆಯ ಅಂಚೂ ನೆನೆಯಲಿಲ್ಲ.

ಹನ್ನೆರಡೂವರೆಗೆ ಅವರನ್ನು ಮಲಗಿಸೋಣವೆಂದು ಗಾಡಿಗೆ ಬಂದರೆ ಹಾಸಿಗೆ ಒತ್ತಿದಲ್ಲೆಲ್ಲ ನೀರು. ತಲೆದಿಂಬಿನ ನೇರಕ್ಕೆ ಮೇಲಿರುವ ಗಾಳಿಕಿಂಡಿಯ ಅಂಚಿನಲ್ಲಿ ನೀರು ಒಳಬರದಂತೆ ಹಚ್ಚುವ ಸೀಲೆಂಟ್ ಬಿರಿದು ಎದ್ದಿತ್ತು. ಅದರ ಮೇಲೆ ಯಾರೋ ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಅಂಟಿಸಿದ್ದರು. ಅಂಟು ಕಪ್ಪಾಗಿ, ಒಂದು ತುದಿ ಬಿಟ್ಟುಕೊಂಡು ನೇತಾಡುತ್ತಿತ್ತು. ಆ ತುದಿಯಿಂದಲೇ ನೀರು ದಾರದಂತೆ ಇಳಿಯುತ್ತಿತ್ತು. ಟೇಪಿನ ಅಂಟು ಒಂದೇ ದಿನದಲ್ಲಿ ಹಾಗೆ ಕಪ್ಪಾಗುವುದಿಲ್ಲ. ಚಾವಣಿ ಸೋರುತ್ತದೆಂದು ನಿಮಗೆ ಮೊದಲೇ ಗೊತ್ತಿತ್ತು.

ನಿಮ್ಮ ಡ್ರೈವರ್ ಮೇಲೆ ನನಗೆ ಯಾವ ದೂರೂ ಇಲ್ಲ. ಮಳೆಯಲ್ಲೇ ಪೇಟೆಗೆ ಹೋಗಿ ತಮ್ಮ ದುಡ್ಡಿನಲ್ಲಿ ಟಾರ್ಪಾಲು ತಂದು ಕಟ್ಟಿದರು. ಸ್ವಿಚ್‌ಬೋರ್ಡಿಗೂ ನೀರು ಇಳಿದಿದ್ದರಿಂದ ಇನ್ವರ್ಟರ್ ಆಫ್ ಮಾಡಿದ್ದೂ ಅವರೇ, ಅದು ಸರಿಯಾದ ಕೆಲಸ. ಆದರೆ ಅಲ್ಲಿಗೆ ದೀಪ ಹೋಯಿತು, ಪಂಪ್ ನಿಂತು ಶೌಚಾಲಯಕ್ಕೆ ನೀರಿಲ್ಲದಾಯಿತು. ಯಾವುದಕ್ಕಾಗಿ ಈ ಗಾಡಿ ತೆಗೆದುಕೊಂಡಿದ್ದೆವೋ ಅದೊಂದೂ ಇಲ್ಲವಾಯಿತು.

ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಎತ್ತಿದವರು ಹೇಳಿದ್ದು ಇಷ್ಟು: "ಜುಲೈನಲ್ಲಿ ಕರಾವಳಿಗೆ ಹೋದ್ರೆ ಹಿಂಗೆಲ್ಲ ಆಗತ್ತೆ." ಬೇರೆ ಗಾಡಿ ಕಳಿಸುವ ಮಾತಿಲ್ಲ, ರಾತ್ರಿ ಎಲ್ಲಿರುತ್ತೀರಿ ಎಂದು ಕೇಳಲೂ ಇಲ್ಲ. ನನಗೆ ಎಲ್ಲಕ್ಕಿಂತ ನೋವು ಕೊಟ್ಟದ್ದು ಇದು.

ಮಧ್ಯಾಹ್ನ ಹಿಂದೆ ಇಲ್ಲಿ ಆಳಿದ ಚೌಟ ಅರಸರ ಅರಮನೆಗೆ ಹೋಗಬೇಕಿತ್ತು. ಒಂಬತ್ತು ಹೆಂಗಸರು ಸೇರಿ ಆನೆಯಾಗುವ ನವನಾರಿ ಕುಂಜರ ಅಲ್ಲಿನ ಮರದ ಕಂಬದಲ್ಲಿದೆ, ಅಮ್ಮ ಚಿತ್ರದಲ್ಲಷ್ಟೇ ನೋಡಿದ್ದರು. ತಾಳೆಗರಿ ಗ್ರಂಥಗಳನ್ನು ಶತಮಾನಗಳ ಕಾಲ ಇಂಥ ಮಳೆಯಲ್ಲೂ ಕಾಪಾಡಿದ ಗುರು ಬಸದಿಗೂ ಹೋಗುವುದಿತ್ತು. ಎರಡೂ ಆಗಲಿಲ್ಲ. ಆ ಹೊತ್ತೆಲ್ಲ ಲಾಡ್ಜ್ ಹುಡುಕುವುದರಲ್ಲೇ ಕಳೆಯಿತು. ಸಿಕ್ಕಿದ್ದು ಲಿಫ್ಟಿಲ್ಲದ ಮೊದಲ ಮಹಡಿಯ ಕೋಣೆ. ಅಮ್ಮ ಕಂಬಿ ಹಿಡಿದು, ಪ್ರತಿ ಮೆಟ್ಟಿಲಿಗೂ ನಿಂತು ಹತ್ತಿದರು. ಮರುದಿನ ಮೊಣಕಾಲು ಊದಿದ್ದರಿಂದ ನೇರ ಬೆಂಗಳೂರಿಗೆ ವಾಪಸಾದೆವು.

ಹಿಡಿದುಕೊಂಡ 11,500 ರೂಪಾಯಿಯನ್ನು ಪೂರ್ತಿ ವಾಪಸ್ ಮಾಡಿ. 12 ಮತ್ತು 13ರ ಬಾಡಿಗೆ 28,000, ಲಾಡ್ಜಿನ 2,400 ಕೂಡ ಸೇರಿಸಿ. ಡ್ರೈವರ್‌ಗೆ ಟಾರ್ಪಾಲಿನ ಹಣ ಕೊಡಿ, ಅವರ ಕೆಲಸಕ್ಕೆ ತೊಂದರೆ ಮಾಡಬೇಡಿ. ಚಾವಣಿ ರಿಪೇರಿಯಾಗದೆ ಆ ಗಾಡಿಯನ್ನು ಇನ್ನೊಂದು ಕುಟುಂಬಕ್ಕೆ ಕೊಡಲೇಬೇಡಿ. ಹೊರಡುವ ಮುಂಚೆ ಪೈಪ್ ಹಿಡಿದು ಕಾಲು ಗಂಟೆ ಚಾವಣಿಗೆ ನೀರು ಬಿಟ್ಟರೆ ಸೋರುವುದು ಅಲ್ಲೇ ಗೊತ್ತಾಗುತ್ತದೆ.

15 ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಸೇವಾ ನ್ಯೂನತೆಯೆಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ತಿಳಿಸುತ್ತೇನೆ.

ಟೇಪಿನ ಫೋಟೊ, ನೀರು ಇಳಿಯುವ ವಿಡಿಯೊ, ಲಾಡ್ಜ್ ರಸೀದಿ ಮತ್ತು ನಿಮ್ಮ ಮೆಸೇಜಿನ ಪ್ರತಿ ಲಗತ್ತಿಸಿದ್ದೇನೆ. ದಯವಿಟ್ಟು ಫೋನ್ ಮಾಡಬೇಡಿ, ಉತ್ತರ ಬರವಣಿಗೆಯಲ್ಲೇ ಬರಲಿ.

ಇತಿ,
ನೊಂದ ಗ್ರಾಹಕಿ