ಸ್ಥಳನಾಮ ದಾಖಲೆಗೆ ಸಾಕ್ಷಿಗಳು ಯಾರು?

ಮಾನ್ಯ ಸಂಪಾದಕರೇ,

ಸ್ಕಾಟ್ಲೆಂಡಿನ ಸದರ್ಲೆಂಡ್ ಸೀಮೆಯಲ್ಲಿ 1870ರ ದಶಕದಲ್ಲಿ ಸರ್ಕಾರಿ ಮೋಜಣಿ ನಡೆದಾಗ, ಫಾರ್ ಎಂಬ ಪ್ಯಾರಿಷ್‌ನಂಥ (ಒಂದು ಚರ್ಚಿನ ವ್ಯಾಪ್ತಿಯ ಆಡಳಿತ ವಲಯ) ಗುಡ್ಡಗಾಡಿನ ಹೊಳೆ, ಬೆಟ್ಟ, ಹಾಳೂರುಗಳ ಹೆಸರನ್ನೂ ಅದರ ಕಾಗುಣಿತ ಸರಿಯೆಂದು ಸಾಕ್ಷಿ ಹೇಳಿದವರನ್ನೂ ಕಿರು ವಿವರಣೆಯನ್ನೂ ‘ನೇಮ್ ಬುಕ್’ಗಳಲ್ಲಿ ಬರೆದಿಟ್ಟರು. ಇಂಥ ಸಾಕ್ಷಿಗಳಲ್ಲಿ ಪಾದ್ರಿಗಳು, ಶಾಲಾ ಮಾಸ್ತರರು, ಜಮೀನ್ದಾರರ ಕಾರಭಾರಿಗಳಿಗೇ ಹೆಚ್ಚು ಮನ್ನಣೆ. ಅದೇ ಪ್ಯಾರಿಷ್‌ನ ಸ್ಟ್ರಾತ್‌ನೇವರ್ ಕಣಿವೆಯ ಗೇಲಿಕ್ (ಸ್ಕಾಟ್ಲೆಂಡಿನ ಗುಡ್ಡಗಾಡಿನ ಹಳೆಯ ನುಡಿ) ಭಾಷಿಕ ಒಕ್ಕಲುಗಳನ್ನು ಕುರಿಸಾಕಣೆಗಾಗಿ 1814 ಮತ್ತು 1819ರಲ್ಲೇ ಒಕ್ಕಲೆಬ್ಬಿಸಲಾಗಿತ್ತು. ಹೆಸರಿಟ್ಟವರು ಚದುರಿ ಅರ್ಧ ಶತಮಾನ ಕಳೆದ ಮೇಲೆ ಹೆಸರು ಕಾಗದಕ್ಕೆ ಬಂತು. ನೇಮ್ ಬುಕ್‌ಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವೆಯಾದರೂ, ನಕ್ಷೆಗೇರದೆ ಉಳಿದ ಹೆಸರುಗಳನ್ನು ಅಲ್ಲಿನ ಹಿರಿಯರ ಉಚ್ಚಾರಣೆಯಲ್ಲೇ, ಆಯಾ ಸ್ಥಳದಲ್ಲೇ ನಿಂತು ಧ್ವನಿಮುದ್ರಿಸುವುದು ತುರ್ತಾಗಿ ಆಗಬೇಕು.

– ಓದುಗ, ಧಾರವಾಡ