ಗೋಡೆ ಪಕ್ಕದ ಕುರ್ಚಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಮಂಗಳವಾರ ಬಂತು. ಹೊಸ ಕೆಲಸ, ಹೊಸ ಮನೆ, ಎಲ್ಲ ಓದಿ ಖುಷಿಯಾಯಿತು. ಆದರೆ ಸಹಿ ಹಾಕಿದ ಮೇಲೆ, ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ದೊಡ್ಡಮ್ಮ, ನನ್ನನ್ನು ಯಾರೂ ಕೇಳೋದೇ ಇಲ್ಲ ಅಂತಾದ್ರೆ?" ಅಂತ. ಮೂರು ದಿನದಿಂದ ಅದು ನನ್ನನ್ನು ಬಿಟ್ಟಿಲ್ಲ. ರಾತ್ರಿ ದೀಪ ಆರಿಸಿ ಮಲಗಿದ ಮೇಲೂ ಅದೇ.

ಇದಕ್ಕೆ ನಿಮ್ಮಮ್ಮ ಏನು ಹೇಳುತ್ತಾಳೆ ಅಂತ ನಮ್ಮಿಬ್ಬರಿಗೂ ಗೊತ್ತು. ನನ್ನ ಮದುವೆ ಹೇಗಾಯಿತು ಅನ್ನುವುದೂ ನಿನಗೆ ಗೊತ್ತು. ಅದೆಲ್ಲ ಬೇಡ. ಯಾರಿಗೂ ಹೇಳದ ಒಂದು ಸಂಜೆಯ ವಿಷಯ ಬರೆಯುತ್ತೇನೆ.

1967ರ ಡಿಸೆಂಬರ್ 26. ಆಗ ನಾವು ಕೆ.ಜಿ.ಎಫ್.ನಲ್ಲಿದ್ದೆವು, ಅಪ್ಪ ಗಣಿ ಆಫೀಸಿನಲ್ಲಿ ಗುಮಾಸ್ತರು. ನನಗೆ 20 ವರ್ಷ, ಟೈಪಿಂಗ್ ಕಲಿಯುತ್ತಿದ್ದೆ. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂದ ಮೇಲೆ ಬಿಳಿ ಸಾಹೇಬರು ಒಬ್ಬೊಬ್ಬರಾಗಿ ಹೊರಟುಹೋಗಿದ್ದರು. ಆದರೆ ಉರಿಗಾಂ, ಚಾಂಪಿಯನ್ ರೀಫ್ಸ್ ಕಡೆ ಆಂಗ್ಲೋ ಇಂಡಿಯನ್ ಮನೆಗಳು ಇನ್ನೂ ಬೇಕಾದಷ್ಟು ಇದ್ದವು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಅವರ ಡ್ಯಾನ್ಸು ನಡೆಯುತ್ತಿತ್ತು. ಪಕ್ಕದ ಮನೆಯ ಆಂಟಿ ತಮ್ಮ ಮಗಳ ಜೊತೆ ನನ್ನನ್ನೂ ಕರೆದುಕೊಂಡು ಹೋದರು. ಅಪ್ಪ ಒಪ್ಪಿದ್ದೇ ಹೆಚ್ಚು. "ಹತ್ತೂವರೆಗೆ ಮನೆಯಲ್ಲಿರಬೇಕು" ಅಂತ ಆಂಟಿಗೆ ಎರಡು ಸಲ ಹೇಳಿದ್ದರು.

ಆ ಹಾಲ್ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರದ ನೆಲ. ಸಂಜೆಯೇ ಅದರ ಮೇಲೆ ಮೇಣದಬತ್ತಿ ತುರಿದು, ಬೋರಿಕ್ ಪೌಡರ್ ಉದುರಿಸಿ, ಗೋಣಿಚೀಲದ ಮೇಲೆ ಚಿಕ್ಕ ಮಕ್ಕಳನ್ನು ಕೂರಿಸಿ ಆ ತುದಿಯಿಂದ ಈ ತುದಿಗೆ ಎಳೆದಾಡುತ್ತಿದ್ದರು. ಮಕ್ಕಳಿಗೆ ಆಟ, ನೆಲ ನುಣುಪು. ಒಂದು ಗೋಡೆ ಉದ್ದಕ್ಕೂ ಬೆತ್ತದ ಕುರ್ಚಿಗಳು. ಅಲ್ಲಿ ನಾವು ಹುಡುಗಿಯರು, ನಮ್ಮ ಬೆನ್ನಿಗೆ ಅಮ್ಮಂದಿರು, ಅಜ್ಜಿಯರು. ಎದುರು ಗೋಡೆಗೆ ಹುಡುಗರು. ಬ್ಯಾಂಡ್ ಶುರುವಾದ ತಕ್ಷಣ ಅವರು ನೆಲ ದಾಟಿ ಬಂದು, ಸ್ವಲ್ಪ ಬಾಗಿ, ಕೈ ಚಾಚಿ ಕೇಳಬೇಕು. ವಾಲ್ಟ್ಜ್, ಫಾಕ್ಸ್‌ಟ್ರಾಟ್, ಆಮೇಲೆ ಜೈವ್. ಯಾರೂ ಕೇಳದೆ ಉಳಿದವಳನ್ನು ವಾಲ್‌ಫ್ಲವರ್ ಅನ್ನುತ್ತಿದ್ದರು. ಗೋಡೆಯ ಹೂವು. ಕೇಳಲು ಚೆನ್ನಾಗಿದೆ, ಆದರೆ ಆ ಕುರ್ಚಿಯಲ್ಲಿ ಕೂತವರಿಗೆ ಗೊತ್ತು.

ನಾನು ಕೂತಿದ್ದೆ. ಮೊದಲ ಹಾಡು, ಎರಡನೆಯದು, ಮೂರನೆಯದು. ಪಕ್ಕದ ಕುರ್ಚಿಗಳು ಖಾಲಿಯಾಗುತ್ತಾ ಹೋದವು. ನಿನ್ನ ಸಾಲು ಓದಿದಾಗ ನನಗೆ ಆ ಖಾಲಿ ಕುರ್ಚಿಗಳೇ ನೆನಪಾದವು, ಪುಟ್ಟಿ. ನನ್ನಲ್ಲೇ ಏನೋ ಕೊರತೆ ಇದೆ, ಅದು ನನಗೆ ಬಿಟ್ಟು ಮಿಕ್ಕವರಿಗೆಲ್ಲ ಕಾಣುತ್ತಿದೆ ಅನ್ನಿಸುತ್ತದೆ, ಅಲ್ವಾ? ನೀನು ಫೋನಿನಲ್ಲಿ ಫೋಟೋ ಹಾಕಿ ಕಾಯುವುದೂ ಇಂಥದ್ದೇ ಇರಬೇಕು. ನನಗೆ ಹೋಗಲಿ, ಹತ್ತೂವರೆಯೊಳಗೆ ಆ ಸಂಜೆ ಮುಗಿಯುತ್ತಿತ್ತು. ನಿನಗೆ ಆ ಫೋನು ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ರಾತ್ರಿಯಾದರೂ ಅದನ್ನು ಅಡುಗೆಮನೆಯಲ್ಲಿಡು. ಇಷ್ಟಕ್ಕೆಲ್ಲ ದೊಡ್ಡಮ್ಮ ಬುದ್ಧಿ ಹೇಳುತ್ತಾಳೆ ಅಂದುಕೊಳ್ಳಬೇಡ, ತೋಚಿದ್ದು ಬರೆದೆ.

ನಡುವೆ ಪಾಲ್ ಜೋನ್ಸ್ ಅನ್ನುವ ಒಂದು ಕುಣಿತ ಆಯಿತು. ಹುಡುಗಿಯರದು ಒಳಸುತ್ತು, ಹುಡುಗರದು ಹೊರಸುತ್ತು. ಎರಡೂ ಎದುರುಬದುರಾಗಿ ತಿರುಗುತ್ತವೆ. ಹಾಡು ಥಟ್ಟನೆ ನಿಂತಾಗ ಎದುರಿಗೆ ಯಾರಿದ್ದಾರೋ ಅವರ ಜೊತೆ ಕುಣಿಯಬೇಕು. ಯಾರೂ ಯಾರನ್ನೂ ಆರಿಸುವ ಹಾಗಿಲ್ಲ. ಆ ಆಂಟಿ, ಅಂಕಲ್ ಒಬ್ಬರ ಎದುರು ಒಬ್ಬರು ನಿಂತದ್ದು ಹಾಗೇ, ಗಣಿ ಇನ್ನೂ ಕಂಪನಿಯ ಕೈಯಲ್ಲಿದ್ದ ಕಾಲದಲ್ಲಿ. ಆ ಊರಿನ ಎಷ್ಟೋ ಜೋಡಿಗಳು ಚರ್ಚಿಗಿಂತ ಮೊದಲು ಕೈ ಹಿಡಿದದ್ದು ಆ ಮರದ ನೆಲದ ಮೇಲೆ. ನನಗೂ ಆ ಹತ್ತು ನಿಮಿಷ ಭಯವೇ ಇರಲಿಲ್ಲ. ಒಬ್ಬ ಮುದುಕರ ಜೊತೆ, ಒಬ್ಬ ಶಾಲೆ ಹುಡುಗನ ಜೊತೆ ಕುಣಿದೆ, ನಕ್ಕೆ. ಆಮೇಲೆ ಮತ್ತೆ ಕುರ್ಚಿ, ಮತ್ತೆ ಅದೇ ಭಯ.

ಆಗ ಅವನು ಎದುರು ಗೋಡೆ ಬಿಟ್ಟು ಹೊರಟ. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯೊಳಗೆ ಕೆಲಸ ಮಾಡುವ ಹುಡುಗ, ಭಾನುವಾರ ಚರ್ಚಿನಲ್ಲಿ ನೋಡಿದ್ದೆ. ನೇರ ನನ್ನ ಕಡೆಗೇ ಬಂದ. ಬರುತ್ತಾ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಎರಡು ಸಲ. ಕೈ ಚಾಚಿದ.

ನಾನು "ಕಾಲು ನೋವು" ಅಂದೆ.

ಯಾಕೆ ಅಂದೆ ಅಂತ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಸಂಜೆಯೆಲ್ಲ ಯಾರೂ ಕೇಳಲ್ಲ ಅಂತ ಹೆದರಿದವಳು, ಕೇಳಿದಾಗ ಇನ್ನೂ ಜಾಸ್ತಿ ಹೆದರಿದೆ. ಹೆಜ್ಜೆ ತಪ್ಪಿದರೆ? ಹತ್ತಿರ ಬಂದಾಗ ಆ ಕೊರತೆ ಅವನಿಗೂ ಕಂಡುಬಿಟ್ಟರೆ? ಅವನು ತಲೆಯಾಡಿಸಿ, ಅಷ್ಟು ಉದ್ದದ ನೆಲವನ್ನು ಒಬ್ಬನೇ ದಾಟಿ ವಾಪಸ್ ಹೋದ. ಎಲ್ಲರೂ ನೋಡುತ್ತಿದ್ದರು. ಆಮೇಲೆ ಅವನು ಯಾರನ್ನೂ ಕೇಳಲಿಲ್ಲ, ಬ್ಯಾಂಡಿನ ಪಕ್ಕ ನಿಂತೇ ಇದ್ದ.

ಆ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಒಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಯ ಪಾತ್ರೆ ಅಲುಗಾಡುತ್ತಿದ್ದವು. ಮಾತು ನಿಲ್ಲಿಸಿ ಎಲ್ಲರೂ ಕಿವಿಗೊಡುತ್ತಿದ್ದೆವು, ಯಾರ ಮನೆಯವರು ಪಾಳಿಯಲ್ಲಿದ್ದಾರೆ ಅಂತ ಲೆಕ್ಕ ಹಾಕುತ್ತಿದ್ದೆವು. ಅಂಥ ಕಡೆ ದಿನಾ ಇಳಿದು ಹತ್ತುವ ಹುಡುಗನಿಗೆ ಮೂವತ್ತು ಅಡಿ ನೆಲ ದಾಟಲು ಕೈ ಬೆವತಿತ್ತು. ನಾನದನ್ನು ಕಣ್ಣಾರೆ ನೋಡಿದೆ. ನೋಡಿಯೂ ನನ್ನ ಭಯವೊಂದೇ ದೊಡ್ಡದು ಅಂದುಕೊಂಡೆ.

ಮದುವೆ ತಪ್ಪಿತು ಅಂತ ಬರೆಯುತ್ತಿಲ್ಲ, ಹಾಗೆ ಓದಬೇಡ. ನಿನ್ನ ದೊಡ್ಡಪ್ಪನ ಜೊತೆ ನಾನು ಚೆನ್ನಾಗಿ ಬಾಳಿದೆ. ನನಗೆ ನೋವಿರುವುದು ಆ ಸುಳ್ಳಿನ ಬಗ್ಗೆ. ಎರಡು ವರ್ಷದಲ್ಲಿ ಆ ಹುಡುಗ, ಅವನ ಮನೆಯವರೆಲ್ಲ ಪರ್ತ್‌ಗೆ ಹೋದರು. ಆಗ ಎಷ್ಟೋ ಆಂಗ್ಲೋ ಇಂಡಿಯನ್ ಮನೆಗಳು ಆಸ್ಟ್ರೇಲಿಯಾಕ್ಕೆ ಹೊರಟಿದ್ದವು. ಸ್ಟೇಷನ್ನಿಗೆ ಎಲ್ಲರೂ ಬೀಳ್ಕೊಡಲು ಹೋದರು, ನಾನು ಹೋಗಲಿಲ್ಲ. ಕಾಲು ನೋವಿರಲಿಲ್ಲ ಅಂತ ಹೇಳುವ ಅವಕಾಶ ಅದೇ ಕೊನೆಯದಾಗಿತ್ತು. 2001ರಲ್ಲಿ ಗಣಿ ಮುಚ್ಚಿದ ಸುದ್ದಿ ಬಂದ ದಿನವೂ ನನಗೆ ಮೊದಲು ನೆನಪಾದದ್ದು ಆ ಅಂಗೈ.

ಯಾರೂ ಕೇಳೋದೇ ಇಲ್ಲ ಅಂತಾದ್ರೆ, ಅಂತ ಕೇಳಿದ್ದೀಯ. ಕೇಳುತ್ತಾರೆ ಅಂತ ಮಾತು ಕೊಡಲು ನನ್ನಿಂದ ಆಗಲ್ಲ, ಮಗಳೇ. ಕೊಟ್ಟರೆ ಅದೂ ಸುಳ್ಳೇ. ಆದರೆ ಅದೇ ಹೊತ್ತಿನಲ್ಲಿ ಎದುರು ಗೋಡೆಗೆ ಒರಗಿ ಯಾರೋ ಕೈ ಒರೆಸಿಕೊಳ್ಳುತ್ತಿರಬಹುದು. ನೀನೇ ಎದ್ದು ಹೋಗಿ ಕೇಳಬಹುದು. ನಮಗೂ ಸಂಜೆಗೆ ಒಂದು ಹಾಡು ಲೇಡೀಸ್ ಚಾಯ್ಸ್ ಅಂತ, ಹುಡುಗಿಯರೇ ಹೋಗಿ ಕೇಳುವಂಥದ್ದು, ಇರುತ್ತಿತ್ತು, ನಾನು ಏಳಲಿಲ್ಲ, ಅಷ್ಟೇ. ಅದು ಕಷ್ಟ ಅನ್ನಿಸಿದರೆ ಪಾಲ್ ಜೋನ್ಸ್ ತರಹದ್ದು ಏನಾದರೂ ನೋಡು. ನಿನ್ನ ಆಫೀಸಿನವರು ಬೆಟ್ಟ ಹತ್ತಲು ಹೋಗುತ್ತಾರಂತಲ್ಲ, ಇಲ್ಲ ಚರ್ಚಿನ ಹಾಡಿನ ಗುಂಪು. ಯಾರೂ ಯಾರನ್ನೂ ಆರಿಸದೆ ಸುಮ್ನೆ ಅಕ್ಕಪಕ್ಕ ಬರುವಂಥದ್ದು. ಬೆಂಗಳೂರು ನನಗೆ ಗೊತ್ತಿಲ್ಲ, ಇದು ಅಲ್ಲಿ ನಡೆಯುತ್ತೋ ಇಲ್ಲವೋ ನೀನೇ ಹೇಳಬೇಕು.

ಮುಂದಿನ ವಾರ ಶನಿವಾರ ಒಬ್ಬ ಹುಡುಗನ ಜೊತೆ ಕಾಫಿಗೆ ಹೋಗಲೋ ಬೇಡವೋ ಅಂತ ನೀನು ಬರೆದಿದ್ದೀಯ. ಇದು ಅಷ್ಟರಲ್ಲಿ ನಿನ್ನ ಕೈ ಸೇರಲಿ ಅಂತ ನಾಳೆ ಬೆಳಿಗ್ಗೆಯೇ ಡಬ್ಬಿಗೆ ಹಾಕಿಸುತ್ತೇನೆ. ಏನಾಯಿತು ಅಂತ ಬರೆ. ಫೋನಿನಲ್ಲಿ ಬೇಡ, ನಿಮ್ಮಮ್ಮ ಪಕ್ಕದಲ್ಲೇ ಇರುತ್ತಾಳೆ.

ನಿನ್ನ,
ದೊಡ್ಡಮ್ಮ