ಮೊದಲು ಕೋಡಿ, ಆಮೇಲೆ ಟೈಲ್ಸು: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಮರಾಠಿಯಲ್ಲಿ ಬರೆದ ಅರ್ಜಿಯನ್ನು ಎರಡು ಸಲ ಕೊಟ್ಟಾಗಿದೆ. ಎರಡಕ್ಕೂ ಸೀಲು ಬಿತ್ತು, ಅಷ್ಟೇ. ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚುನಾವಣೆ ಹೊತ್ತಿಗೆ ನಿಮ್ಮ ಕಡೆಯ ಹುಡುಗರು ನಮ್ಮ ಗಲ್ಲಿಯಲ್ಲಿ ಕನ್ನಡದ ಕರಪತ್ರ ಹಂಚಿದ್ದರು. ಅಂದಮೇಲೆ ಕನ್ನಡ ಓದಿ ಹೇಳುವವರು ನಿಮ್ಮ ಹತ್ತಿರ ಇರಲೇಬೇಕು, ಅಲ್ವಾ?

ವಿಷಯ ನಮ್ಮ ಸೊಸೈಟಿ ಹಿಂದಿನ ಪಾಝರ್ ತಲಾವಿನದು, ಅಂದರೆ ನೀರು ಇಂಗಿಸುವ ಕೆರೆಯದು. 1972ರ ಬರದಲ್ಲಿ ಜನರಿಗೆ ಕೂಲಿ ಸಿಗಲಿ ಅಂತ ಕಟ್ಟಿಸಿದ ಇಂಥ ಕೆರೆಗಳು ಪುಣೆ ಸುತ್ತಮುತ್ತ ಬೇಕಾದಷ್ಟಿವೆ. ನಮ್ಮದೂ ಆ ಕಾಲದ್ದೇ ಅಂತ ಊರಿನ ಹಿರಿಯರು ಹೇಳುತ್ತಾರೆ. ಬರೀ ಮುರುಮು, ಕರಿಮಣ್ಣಿನ ಏರಿ. ಎತ್ತರ ಎರಡು ಮಹಡಿ ಮನೆಯಷ್ಟು. ಅದರ ಮೇಲೆ ಬೆಳಿಗ್ಗೆ ವಾಕಿಂಗ್, ಸಂಜೆ ಭೇಳ್ ಗಾಡಿ, ಭಾದ್ರಪದದಲ್ಲಿ ಗಣಪತಿ ವಿಸರ್ಜನೆ. ಭಾನುವಾರ ಕಟ್ಟಡ ಕೆಲಸದ ಕಲಬುರಗಿ, ವಿಜಯಪುರದ ಮಂದಿ ಬಟ್ಟೆ ಒಗೆಯಲು ಬರುತ್ತಾರೆ. ನನ್ನ ಮಗಳು ಸೈಕಲ್ ಕಲಿತಿದ್ದೂ ಅಲ್ಲೇ.

ಹೋದ ತಿಂಗಳು ಅಲ್ಲಿ ನಿಮ್ಮ ಫೋಟೊ ಇರುವ ದೊಡ್ಡ ಫಲಕ ಬಂತು. ಏರಿ ಮೇಲೆ ಟೈಲ್ಸಿನ ದಾರಿ, ಬಣ್ಣದ ದೀಪ, ಒಂದು ಸೆಲ್ಫಿ ಪಾಯಿಂಟ್. ಬೇಡ ಅನ್ನುವಷ್ಟು ಅರಸಿಕ ನಾನಲ್ಲ. ಆದರೆ ಚಿತ್ರವನ್ನು ಹತ್ತಿರ ಹೋಗಿ ನೋಡಿದೆ. ಸೆಲ್ಫಿ ಪಾಯಿಂಟ್ ನಿಲ್ಲುವುದು ಸರಿಯಾಗಿ ಕೋಡಿ ಮೇಲೆ. ಇಲ್ಲಿಯವರು ಸಾಂಡವಾ ಅನ್ನುತ್ತಾರಲ್ಲ, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ದಾರಿ, ಅದೇ.

ಆ ಕೋಡಿ ಈಗಾಗಲೇ ಅರ್ಧ ಸತ್ತಿದೆ. ನಾನು ಬಂದ ಹೊಸದರಲ್ಲಿ ಅದರ ಅಗಲ ಹನ್ನೆರಡು ಹೆಜ್ಜೆ ಇತ್ತು. ಯಾರೋ ಪಾರ್ಕಿಂಗಿಗೆ ಅಂತ ಗೋಡೆ ಎಬ್ಬಿಸಿದರು, ಈಗ ಐದು ಹೆಜ್ಜೆ. ಕಲ್ಲಿನ ಅಣೆಕಟ್ಟಾದರೆ ಮೇಲಿಂದ ನೀರು ಹರಿದರೂ ತಡೆದುಕೊಳ್ಳುತ್ತದೆ. ಲೋಣಾವಳಾದ ಭೂಶಿ ಡ್ಯಾಮಿನ ಮೆಟ್ಟಿಲ ಮೇಲೆ ನೀರು ಧುಮುಕುವಾಗ ಜನ ಕೂತು ಕುಣಿಯುವುದಿಲ್ಲವೇ, ಹಾಗೆ. ಮಣ್ಣಿನ ಏರಿ ಹಾಗಲ್ಲ. ನೀರು ತಲೆ ಮೇಲೆ ಹತ್ತಿ ಹರಿಯಲು ಶುರುವಾದರೆ ಹಿಂಬದಿಯ ಮಣ್ಣು ಕೊಚ್ಚುತ್ತಾ ಹೋಗಿ, ಕೆಲವು ಗಂಟೆಗಳಲ್ಲಿ ಏರಿಯೇ ಇರುವುದಿಲ್ಲ. ನಮ್ಮಜ್ಜ ತುಮಕೂರಿನ ಕಡೆ ನೀರುಗಂಟಿ, ಕೆರೆ ಕಾಯುವವರು. ಮಳೆಗಾಲದಲ್ಲಿ ರಾತ್ರಿ ಲಾಟೀನು ಹಿಡಿದು ಮೊದಲು ನೋಡುತ್ತಿದ್ದದ್ದು ಕೋಡಿಯನ್ನ, ಆಮೇಲೆ ತೂಬನ್ನ. ಕೆರೆ ತುಂಬಿದೆಯೋ ಇಲ್ಲವೋ ಅನ್ನುವುದು ಕೊನೆಗೆ.

ಇನ್ನೊಂದು ಜಾಗ ತೋರಿಸಬೇಕು. ಏರಿಯ ಹಿಂಬದಿ ಬುಡದಲ್ಲಿ, ಬೇವಿನ ಮರದಿಂದ ಸ್ವಲ್ಪ ಕೆಳಗೆ. ಫೆಬ್ರವರಿಯಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿ ಹಳದಿಯಾಗಿದ್ದರೂ ಒಂದು ಮಂಚದಷ್ಟು ಜಾಗ ಮಾತ್ರ ಹಸಿರು. ಕಾಲಿಟ್ಟರೆ ಹಿಮ್ಮಡಿ ಹೂತುಕೊಳ್ಳುತ್ತದೆ. ಹತ್ತು ಎಣಿಸುವಷ್ಟರಲ್ಲಿ ಹೆಜ್ಜೆ ಗುರುತಿನಲ್ಲಿ ನೀರು. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ. ಜಿನುಗುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಕಲಕು ಬಂದರೆ, ಒಳಗಿನ ಮಣ್ಣನ್ನೇ ಹೊತ್ತು ತರುತ್ತಿದೆ, ಒಳಗೆ ಕೊಳವೆ ಕೊರೆಯುತ್ತಿದೆ ಅಂತ ಅರ್ಥ. ಕಳೆದ ಸೆಪ್ಟೆಂಬರಿನಲ್ಲಿ ಕೆರೆ ತುಂಬಿದ್ದಾಗ ಅಲ್ಲಿಂದ ಒಂದು ಬಾಟಲಿ ನೀರು ಹಿಡಿದೆ. ಸುಮ್ನೆ ಕಿಟಕಿಯಲ್ಲಿಟ್ಟೆ. ಬೆಳಿಗ್ಗೆ ತಳದಲ್ಲಿ ಕೆಂಪು ಮಣ್ಣಿನ ಒಂದು ಗೆರೆ.

ಬಾಟಲಿ ತಗೊಂಡು ಕಚೇರಿಗೆ ಹೋದೆ. ಅಲ್ಲಿದ್ದವರು ಬೆಳಕಿಗೆ ಹಿಡಿದು ನೋಡಿ, ‘ಏಡಿ ಬಿಲ ಇರಬೇಕು’ ಅಂದು ನಕ್ಕರು.

ನನಗೆ ನಗು ಬರಲಿಲ್ಲ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಡ್ಯಾಮ್ ಒಡೆದು ಸುಮಾರು 20 ಜನ ಸತ್ತರು. ಅದೂ ಮಣ್ಣಿನದೇ, ಚಿಕ್ಕದೇ. ನೀರು ಸೋರುತ್ತಿದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದರು. ಒಡೆದ ಮೇಲೆ ಮಂತ್ರಿಗಳು ಹೇಳಿದ ಕಾರಣ ಏಡಿ! ಆಗ ಏಡಿಗಳನ್ನು ಪೊಲೀಸ್ ಠಾಣೆಗೆ ತಂದು ‘ಇವರನ್ನು ಬಂಧಿಸಿ’ ಅಂದವರೂ ಇದ್ದರು. ಇನ್ನು 1961ರ ಜುಲೈ 12ರಂದು ಪಾನ್‌ಶೇತ್‌ನ ಮಣ್ಣಿನ ಅಣೆಕಟ್ಟು ಒಡೆದು, ಅದರ ಕೆಳಗಿನ ಖಡಕ್‌ವಾಸ್ಲಾ ಅಣೆಕಟ್ಟೂ ಒಡೆದು, ನದಿ ದಂಡೆಯ ಪೇಠೆಗಳೆಲ್ಲ ಮುಳುಗಿದ ಕತೆಯನ್ನು ಪುಣೆಯವರಾದ ನಿಮಗೆ ನಾನು ಹೇಳಬೇಕಿಲ್ಲ.

‘ಕಾನೂನಿದೆಯಲ್ಲ’ ಅನ್ನಬಹುದು ನೀವು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದೆ, ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ತಪಾಸಣೆ ಮಾಡಿ ಅನ್ನುತ್ತದೆ. ಆದರೆ ಅದು 15 ಮೀಟರಿಗಿಂತ ಎತ್ತರದವಕ್ಕೆ. 10ರಿಂದ 15 ಮೀಟರಿನವು ಕೆಲವು ಷರತ್ತು ಮುಟ್ಟಿದರೆ ಮಾತ್ರ ಲೆಕ್ಕಕ್ಕೆ. ನಮ್ಮದು ಹತ್ತನ್ನೂ ಮುಟ್ಟುವುದಿಲ್ಲ. ಏರಿ ಕೆಳಗಿನ ಹಳ್ಳದ ದಂಡೆಯಲ್ಲಿ ಲೇಬರ್ ಕ್ಯಾಂಪಿನ ಎಷ್ಟು ತಗಡಿನ ಶೆಡ್ಡುಗಳಿದ್ದರೂ ಅಷ್ಟೇ.

ಎರಡನೇ ಅರ್ಜಿ ಆದಮೇಲೆ ಒಂದು ಕೆಲಸ ಆಯಿತು, ಸುಳ್ಳು ಹೇಳಬಾರದು. ‘ಧೋಕಾ’ (ಅಪಾಯ) ಅಂತ ಮರಾಠಿ ಬೋರ್ಡು ಬಂತು, ಗೇಟಿಗೆ ಬೀಗ ಹಾಕುವ ಮಾತೂ ಶುರುವಾಯಿತು. 2024ರ ಜೂನ್ 30ರಂದು ಭೂಶಿ ಹತ್ತಿರದ ಜಲಪಾತದಲ್ಲಿ ಒಂದೇ ಮನೆಯ ಐವರು ಕೊಚ್ಚಿಹೋದ ಮೇಲೆ ಎಲ್ಲಿ ನೀರು ಕಂಡರೂ ನಿರ್ಬಂಧ. ಭಯ ಅರ್ಥವಾಗುತ್ತದೆ. ಆದರೆ ಬೀಗ ಹಾಕಿದರೆ ಆ ಹಸಿರು ಮಂಚ ಯಾರ ಕಣ್ಣಿಗೆ ಬೀಳುತ್ತಿತ್ತು? ಏರಿ ಮೇಲೆ ದಿನಾ ಐವತ್ತು ಜನ ನಡೆಯುತ್ತಿದ್ದರೆ ಅವರೇ ಪುಕ್ಕಟೆ ನೀರುಗಂಟಿಗಳು.

ಈಜುವ ಹುಡುಗರ ಅಪಾಯವೇ ಬೇರೆ. ಬೇಸಿಗೆಯಲ್ಲಿ ‘ಗಾಳಮುಕ್ತ ಧರಣ’ (ಹೂಳಿಲ್ಲದ ಅಣೆಕಟ್ಟು) ಯೋಜನೆ ಅಂತ ಜೆಸಿಬಿ ತಂದು ಹೂಳೆತ್ತುತ್ತಾರೆ. ಒಳ್ಳೆಯದೇ. ಆದರೆ ಅಲ್ಲಲ್ಲಿ ಆಳು ಮುಳುಗುವ ಗುಂಡಿ ಬಿಟ್ಟು ಹೋಗುತ್ತಾರೆ. ಮಳೆ ಬಂದು ನೀರು ನಿಂತರೆ ಎಲ್ಲ ಒಂದೇ ಸಮ. ಮೊಣಕಾಲುದ್ದ ಅಂತ ನಡೆಯುವ ಹುಡುಗನಿಗೆ ಮುಂದಿನ ಹೆಜ್ಜೆಗೆ ನೆಲ ಇರುವುದಿಲ್ಲ. ಗುಂಡಿಗಳ ಅಂಚನ್ನು ಇಳಿಜಾರು ಮಾಡಲು ಅದೇ ಜೆಸಿಬಿಗೆ ಅರ್ಧ ದಿನ ಸಾಕು.

ಈಗ ಮೇ ತಿಂಗಳು. ಮಳೆ ಬರುವ ಮುಂಚೆ ಆ ಪಾರ್ಕಿಂಗ್ ಗೋಡೆ ಬೀಳಬೇಕು, ಬುಡದ ಒರತೆಯನ್ನು ಬಲ್ಲ ಇಂಜಿನಿಯರ್ ಒಬ್ಬರು ಬಂದು ನೋಡಬೇಕು. ಸೆಲ್ಫಿ ಪಾಯಿಂಟನ್ನು ಬೇವಿನ ಮರದ ಆಚೆ, ಗಟ್ಟಿ ನೆಲದ ಮೇಲೆ ಮಾಡಿಸಿ. ಉದ್ಘಾಟನೆಗೆ ನಾವೇ ಹಾರ ತರುತ್ತೇವೆ. ಟೈಲ್ಸು ಮುಂದಿನ ವರ್ಷ ಬಂದರೂ ಪರವಾಗಿಲ್ಲ. ಈಗಲೇ ಹಾಸಿದರೆ ಏರಿ ಬಿರುಕು ಬಿಟ್ಟರೂ ಮೇಲೆ ಕಾಣುವುದಿಲ್ಲ.

ಯಾವ ಭಾನುವಾರವಾದರೂ ಬೆಳಿಗ್ಗೆ ಆರೂವರೆಗೆ ಬನ್ನಿ. ಬಾಟಲಿ ಇನ್ನೂ ಕಿಟಕಿಯಲ್ಲೇ ಇದೆ, ತರುತ್ತೇನೆ. ಒಳ್ಳೆ ಶೂ ಮಾತ್ರ ಹಾಕಿಕೊಳ್ಳಬೇಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಕನ್ನಡಿಗ ಮತದಾರ